ಹೂಡಿಯಲ್ಲೇ ಇಳಿಯುತ್ತೇನೆ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸದ್ದು ಮಾಡುತ್ತಿದ್ದದ್ದು ನನ್ನ ಬಲಗಾಲು. ಎರಡನೇ ವಯಸ್ಸಿನಲ್ಲಿ ಬಂದ ಪೋಲಿಯೊ ಜ್ವರ ಆ ಕಾಲಿನ ಬಲವನ್ನು ತೆಗೆದುಕೊಂಡು ಹೋಗಿತ್ತು. ಅದರ ಬದಲಿಗೆ ಆಸ್ಪತ್ರೆಯವರು ಎರಡು ಕಬ್ಬಿಣದ ಪಟ್ಟಿ, ಮೂರು ಚರ್ಮದ ಬೆಲ್ಟು ಮತ್ತು ಕಲ್ಲಿನಷ್ಟು ಭಾರದ ಒಂದು ಬೂಟನ್ನು ಕೊಟ್ಟಿದ್ದರು. ಪೀಣ್ಯದ ಕಡೆ ಅಪ್ಪನ ಕಾರ್ಖಾನೆಯವರು ಕೊಟ್ಟ ಕ್ವಾರ್ಟರ್ಸಿನಲ್ಲಿ ನಮಗಿದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ, ಕೆಂಪು ಗಾರೆಯ ನೆಲ. ಆ ನೆಲದ ಮೇಲೆ ನಾನು ಎಲ್ಲಿ ಹೆಜ್ಜೆ ಇಟ್ಟರೂ ಅಮ್ಮನಿಗೆ ಗೊತ್ತಾಗಿಬಿಡುತ್ತಿತ್ತು. ಕದ್ದು ಬೆಲ್ಲ ತಿನ್ನುವ ಭಾಗ್ಯವಂತೂ ನನಗಿರಲಿಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ನನ್ನ ಕಾಲಿನ ಕಬ್ಬಿಣವನ್ನೂ ಒಂದು ಯಂತ್ರವೆಂದೇ ನೋಡುತ್ತಿದ್ದರು. ಮಂಡಿಯ ಹತ್ತಿರದ ಕೀಲಿಗೆ ಎಣ್ಣೆ ಬಿಡುವುದು, ಸಡಿಲವಾದ ರಿವೆಟ್ಟನ್ನು ತಟ್ಟಿ ಕೂರಿಸುವುದು, ಚೂಪಾದ ಅಂಚನ್ನು ಅರದಿಂದ ಉಜ್ಜುವುದು ಎಲ್ಲವೂ ಅವರದೇ ಕೆಲಸ. ಅವರ ಬಾಯಲ್ಲಿ ಅಯ್ಯೋ ಪಾಪ ಎಂಬ ಮಾತನ್ನು ನಾನು ಒಮ್ಮೆಯೂ ಕೇಳಲಿಲ್ಲ. ಅದಕ್ಕಾಗಿ ಇವತ್ತಿಗೂ ನನಗೆ ಅವರ ಮೇಲೆ ತುಂಬು ಪ್ರೀತಿ ಇದೆ.

ತಿಂಗಳಿಗೊಮ್ಮೆ, ಶನಿವಾರ, ನಾನೂ ಅಮ್ಮನೂ ಅಜ್ಜಿಯ ಮನೆಗೆ ಹೊರಡುತ್ತಿದ್ದೆವು. ಅಮ್ಮನ ಅಪ್ಪ ಅಮ್ಮ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ, ಹೂಡಿ ದಾಟಿ ಪಟ್ಟಂದೂರು ಅಗ್ರಹಾರದ ದಿಕ್ಕಿಗೆ, ಹೊಲದ ನಡುವಿನ ಒಂಟಿ ಮನೆಯಲ್ಲಿ. ಮೆಜೆಸ್ಟಿಕ್‌ನವರೆಗೆ ಒಂದು ಬಸ್ಸು, ಅಲ್ಲಿಂದ ಕಾಡುಗೋಡಿಗೆ ಹೋಗುವ ಇನ್ನೊಂದು ಬಸ್ಸು. ಹೊರಗಿನಿಂದಲೇ ಕಿಟಕಿಯೊಳಕ್ಕೆ ಕರವಸ್ತ್ರ ಎಸೆದು ಸೀಟು ಹಿಡಿಯುವುದರಲ್ಲಿ ಅಮ್ಮ ಗಂಡಸರನ್ನೂ ಮೀರಿಸುತ್ತಿದ್ದಳು. ನನಗೆ ಬೇಕಾಗಿದ್ದದ್ದು ಡ್ರೈವರ್ ಪಕ್ಕದ ಉದ್ದ ಸೀಟು. ಅಲ್ಲಾದರೆ ಕಾಲು ಚಾಚಲು ಜಾಗವಿತ್ತು. ನಿಂತಾಗ ಕಾಲು ಮಡಚದಂತೆ ಹಿಡಿಯಲು ಮಂಡಿಯ ಪಟ್ಟಿಗೊಂದು ಬೀಗವಿತ್ತು, ಕೂತ ಮೇಲೆ ಅದನ್ನು ಬಿಚ್ಚಬೇಕು. ಬಿಚ್ಚಿದಾಗ ಅದು ಟಕ್ ಎನ್ನುತ್ತಿತ್ತು, ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ನಾನು ತಲೆ ತಗ್ಗಿಸದೆ ಅವರನ್ನೇ ದುರುಗುಟ್ಟಿ ನೋಡುವುದನ್ನು ಬೇಗ ಕಲಿತೆ. ಕೃಷ್ಣರಾಜಪುರ ದಾಟಿದ ಮೇಲೆ ರಸ್ತೆ ಸಣ್ಣದಾಗಿ ನೀಲಗಿರಿ ತೋಪಿನ ವಾಸನೆ ಒಳಗೆ ಬರುತ್ತಿತ್ತು. ಆಮೇಲೆ ರಾಗಿ ಹೊಲಗಳು, ಬಾವಿಯ ಕಟ್ಟೆಗಳು. ಅಷ್ಟು ಹೊತ್ತಿಗೆ ಸಂತೆ ಮುಗಿಸಿ ಬರುವ ಹೆಂಗಸರ ಖಾಲಿ ಬುಟ್ಟಿಗಳು ನನ್ನ ಬೂಟಿನ ಮೇಲೆಲ್ಲ ಕೂತಿರುತ್ತಿದ್ದವು.

ತೊಂದರೆ ಶುರುವಾಗುತ್ತಿದ್ದದ್ದು ಹೂಡಿಯಲ್ಲಿ ಇಳಿದ ಮೇಲೆ. ಅಲ್ಲಿಂದ ಅಜ್ಜಿಯ ಮನೆಗೆ ಒಂದೂವರೆ ಮೈಲಿ. ಬಸ್ಸು ಹೋಗುತ್ತಿದ್ದದ್ದು ಮನೆಯ ಎದುರಿನ ಹುಣಸೇಮರದ ಕೆಳಗೇ, ಆದರೆ ಅಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಸೋದರಮಾವ ಆಂಜಿನಪ್ಪ ಸೈಕಲ್ ತಂದು ಹೂಡಿಯಲ್ಲಿ ಕಾಯುತ್ತಿದ್ದ. ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿ, ಬೀಳದ ಹಾಗೆ ತನ್ನ ಟವಲ್ಲಿನಿಂದ ಸೊಂಟಕ್ಕೆ ಬಿಗಿಯುತ್ತಿದ್ದ. ಹಿಂಡಿ ಮೂಟೆಯನ್ನೂ ಅವನು ಹಾಗೇ ಕಟ್ಟುತ್ತಿದ್ದ. ದಾರಿಯಲ್ಲಿ ಸಿಕ್ಕವರು ಏನು ತಂದಿದ್ದೀಯ ಎಂದು ಅವನನ್ನು ಕೇಳುತ್ತಿದ್ದರು, ನನ್ನನ್ನು ಮಾತಾಡಿಸುತ್ತಿರಲಿಲ್ಲ. ಒಂದು ಸಲ ಜಲ್ಲಿಯ ಮೇಲೆ ಚಕ್ರ ಜಾರಿ ನಾವಿಬ್ಬರೂ ಬಿದ್ದೆವು. ನನ್ನ ಗದ್ದ ಸೀಳಿತು. ಗಾಯಕ್ಕೆ ಅರಿಶಿನ ಮೆತ್ತುತ್ತಾ ಅಜ್ಜಿ ಮಗನನ್ನು ಬೈಯಲಿಲ್ಲ, ಬಸ್ಸನ್ನು ಬೈದಳು.

"ನನ್ನ್ ಮನೆ ಮುಂದ್ಲಿಂದಾನೇ ಓಯ್ತದೆ ಆ ಕೆಂಪು ಮೂದೇವಿ. ಒಂದ್ ಗಳಿಗೆ ನಿಂತ್ರೆ ಅದ್ರಪ್ಪನ್ ಗಂಟೇನ್ ಓಯ್ತದೆ?"

ನನ್ನ ಅಜ್ಜಿ ಮುನಿವೆಂಕಟಮ್ಮ ನಾಲ್ಕಡಿ ಎಂಟಂಗುಲದ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿದಳೆಂದರೆ ಎದುರಿಗೆ ಎತ್ತು ಬಂದರೂ ಪಕ್ಕಕ್ಕೆ ಸರಿಯುತ್ತಿತ್ತು. ತಾತ ಚಿಕ್ಕಮುನಿಯಪ್ಪ ಇದಕ್ಕೆ ವಿರುದ್ಧ. ಜಗುಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಾ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಅವನಿಗೆ ಗಡಿಯಾರ ಬೇಕಿರಲಿಲ್ಲ. ಬಸ್ಸಿನ ಹಾರನ್ ಕೇಳಿಸಿದರೆ ಹಸುವಿಗೆ ನೀರು, ಅದೇ ಬಸ್ಸು ಕಾಡುಗೋಡಿ ಮುಟ್ಟಿ ವಾಪಸ್ಸು ಬಂದರೆ ಮೇವು. ಬಸ್ಸು ಹೋಗಿ ಬರುವ ನಡುವಿನ ಮುಕ್ಕಾಲು ಗಂಟೆಯಲ್ಲಿ ಅಜ್ಜಿ ಮುದ್ದೆ ಕಟ್ಟಿ ಮುಗಿಸಬೇಕಿತ್ತು. ಈ ಮುಕ್ಕಾಲು ಗಂಟೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗದ್ದ ಸೀಳಿದ ಮೇಲೆ ಅಜ್ಜಿ ಎರಡು ತಿಂಗಳು ರಸ್ತೆಗಿಳಿದು ಬಸ್ಸಿಗೆ ಕೈ ಅಡ್ಡ ಹಿಡಿದಳು. ಡ್ರೈವರ್ ಹಾರನ್ ಹೊಡೆದು ಬಳಸಿಕೊಂಡು ಹೋಗುತ್ತಿದ್ದ. ಮಜ್ಜಿಗೆ ಚೊಂಬು ಹಿಡಿದು ನಿಂತಳು, ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಆಯುಧಪೂಜೆ ಬಂತು. ಹಬ್ಬಕ್ಕೆಂದು ನಾವೂ ಅಲ್ಲೇ ಇದ್ದೆವು. ಆ ದಿನ ಅಜ್ಜಿ ಬೆಳಿಗ್ಗೆಯೇ ರಸ್ತೆಯ ಈಚೆಗೊಂದು ಆಚೆಗೊಂದು ಬಾಳೆಕಂದು ನೆಡಿಸಿದಳು, ನಡುವೆ ರಂಗೋಲಿ ಎಳೆದಳು. ನೇಗಿಲು ಕುಡುಗೋಲುಗಳ ಪಾಲಿನ ಕುಂಬಳಕಾಯಿಯನ್ನು ಹೊತ್ತು ತಂದು ರಂಗೋಲಿಯ ಮೇಲಿಟ್ಟು ತಾನು ಅದರ ಹಿಂದೆ ನಿಂತಳು. ಬಸ್ಸು ಬಂತು. ರಂಗೋಲಿ, ಕುಂಬಳಕಾಯಿ, ಮುದುಕಿ, ಈ ಮೂರನ್ನೂ ತುಳಿದು ಹೋಗುವ ಧೈರ್ಯ ಹಬ್ಬದ ದಿನ ಯಾವ ಡ್ರೈವರಿಗೂ ಇರಲಾರದು. ಬಸ್ಸು ನಿಂತಿತು. ಅಜ್ಜಿ ಒಂದು ಕ್ಷಣವೂ ತಡ ಮಾಡದೆ ಎದುರಿನ ಗಾಜಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು.

"ಅಮ್ಮಾ, ಲೇಟಾಗ್ತದೆ, ಬಿಡಮ್ಮ," ಎಂದ ಡ್ರೈವರ್.

"ಪೂಜೆ ಅರ್ಧಕ್ಕೆ ಗಾಡಿ ಎತ್ತುತೀಯಾ? ಎತ್ತು ನೋಡಾಣ," ಎಂದಳು ಅಜ್ಜಿ.

ಅವನು ಎತ್ತಲಿಲ್ಲ. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆಯಿತು, ಬಸ್ಸಿನಲ್ಲಿದ್ದವರಿಗೆಲ್ಲ ಕಡ್ಲೆಪುರಿ ಬಾಳೆಹಣ್ಣು ಹಂಚಿದ್ದಾಯಿತು. ಕಂಡಕ್ಟರ್ ಬಸವರಾಜು ಕೆಳಗಿಳಿದು ನಮಸ್ಕಾರವನ್ನೂ ಮಾಡಿದ. ಆಗ ಅಜ್ಜಿ ತನ್ನ ಮಾತು ಹೇಳಿದಳು. ಬಸ್ಸು ಈ ಮರದ ಕೆಳಗೆ ಪೂಜೆ ತಗೊಂಡಿದೆ, ಪೂಜೆ ತಗೊಂಡ ಜಾಗದಲ್ಲಿ ನಿಲ್ಲದೆ ಹೋದರೆ ಒಳ್ಳೆಯದಾಗುವುದಿಲ್ಲ, ಆಮೇಲೆ ನನ್ನನ್ನು ಅನ್ನಬೇಡಿ. ಇಂಥ ನಿಯಮವನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ. ಆದರೆ ಮೂರನೇ ದಿನ ನಿಲ್ಲಿಸದೆ ಹೋದ ಬಸ್ಸು ಕಾಡುಗೋಡಿ ಮುಟ್ಟುವ ಮೊದಲೇ ಪಂಕ್ಚರ್ ಆಯಿತು. ಅಲ್ಲಿಂದ ಮುಂದೆ ಹುಣಸೇಮರದ ಕೆಳಗೆ ಬಸ್ಸು ನಿಲ್ಲದೇ ಹೋದದ್ದಿಲ್ಲ. ಇಳಿಯುವವರು ಇಲ್ಲದಿದ್ದರೂ ಒಂದು ಉಸಿರು ನಿಂತು ಹೋಗುತ್ತಿತ್ತು.

ನಾನು ರಾಣಿಯ ಹಾಗೆ ಮನೆ ಎದುರೇ ಇಳಿಯತೊಡಗಿದೆ. ಕೆಲವು ತಿಂಗಳು ಆ ಸುಖ ನಡೆಯಿತು. ಒಂದು ವಿಷಯ ಮಾತ್ರ ವಿಚಿತ್ರವಾಗಿತ್ತು. ಹೂಡಿ ದಾಟಿದ ಕೂಡಲೇ ಅಮ್ಮ ಚೀಲಕ್ಕೆ ಕೈ ಹಾಕಿ ಗದ್ದಲ ಎಬ್ಬಿಸುತ್ತಿದ್ದಳು. ಬನ್ನು ಎಲ್ಲಿ, ಸಕ್ಕರೆ ಪೊಟ್ಟಣ ಎಲ್ಲಿ, ನಿನ್ನ ಸ್ವೆಟರ್ ಎಲ್ಲಿ ಎಂದು ಜೋರಾಗಿ ಮಾತಾಡುತ್ತಿದ್ದಳು. ಆ ಗಲಾಟೆಯಲ್ಲಿ ಕಂಡಕ್ಟರ್ ಏನು ಕೂಗಿದ ಎನ್ನುವುದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಬಸವರಾಜು ನನಗೆ ಒಳ್ಳೆಯವನೇ. ಕೈ ಹಿಡಿದು ಇಳಿಸುತ್ತಿದ್ದ, ಒಮ್ಮೊಮ್ಮೆ ಪೆಪ್ಪರಮಿಂಟು ಕೊಡುತ್ತಿದ್ದ. ಒಂದು ಶನಿವಾರ ನನ್ನ ಪಕ್ಕ ಕೂತಿದ್ದ ಹೆಂಗಸು, ಅವರೆಕಾಯಿ ಮೂಟೆಯನ್ನು ಕಾಲಿನಿಂದ ಒತ್ತಿಕೊಳ್ಳುತ್ತಾ, ತುಂಬ ಸಹಜವಾಗಿ ನನ್ನನ್ನೇ ಕೇಳಿದಳು.

"ಕುಂಟಿ ಸ್ಟಾಪು ಇನ್ನಾ ಎಷ್ಟ್ ದೂರ ಐತಮ್ಮ?"

ಅವಳು ನನ್ನ ಕಾಲು ನೋಡಿರಲಿಲ್ಲ. ಬುಟ್ಟಿಗಳ ಅಡಿಯಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ಬಸವರಾಜು ಸೀಟಿ ಊದಿ ಕೂಗಿದ, "ಯಾರ್ರೀ ಕುಂಟಿ ಸ್ಟಾಪ್, ಎದ್ದು ಮುಂದಕ್ಕ್ ಬನ್ನಿ!" ಅಮ್ಮನ ಕೈ ಚೀಲದೊಳಗೇ ನಿಂತುಹೋಯಿತು. ನಾನು ಅಮ್ಮನ ಮುಖ ನೋಡಿದೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಬೀಗ ಹಾಕಿ ಎದ್ದು ನಿಂತೆ, ಟಕ್ ಎಂದಿತು, ಅವರೆಕಾಯಿಯ ಹೆಂಗಸು ನನ್ನ ಕಾಲು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನನಗೊಂದು ಹೆಸರಿತ್ತು, ನಾಗರತ್ನ. ಶಾಲೆಯ ರಿಜಿಸ್ಟರಿನಲ್ಲಿ ಅಚ್ಚುಕಟ್ಟಾಗಿ ಬರೆದಿದ್ದರು. ಯಾರನ್ನೂ ಕೇಳದೆ ರಸ್ತೆಯ ಮೇಲೆ ಇನ್ನೊಂದು ಹೆಸರು ಇಟ್ಟುಬಿಟ್ಟಿದ್ದರು, ಮೂಟೆ ಹೊತ್ತ ಅಪರಿಚಿತರು ಅದನ್ನು ಊರಿನ ಹೆಸರಿನಂತೆ ಬಳಸುತ್ತಿದ್ದರು.

ಆ ದಿನ ಅಜ್ಜಿಯ ಮನೆಯಲ್ಲಿ ನಾನು ಯಾರೊಂದಿಗೂ ಮಾತಾಡಲಿಲ್ಲ. ಆ ಮನೆಯ ಒಳಗೇ ಒಂದು ಬದಿಗೆ ಹಸುಗಳನ್ನು ಕಟ್ಟುತ್ತಿದ್ದರು. ಊಟಕ್ಕೆ ಕೂತರೆ ಅವುಗಳ ಮೆಲುಕಿನ ಸದ್ದು ಕೇಳುತ್ತಿತ್ತು. ಅಜ್ಜಿ ಹಿದುಕಿದವರೆ ಸಾರು ಮಾಡಿ, ಬಿಸಿ ಮುದ್ದೆಯ ನಡುವೆ ಗುಳಿ ತೋಡಿ ಬೆಣ್ಣೆ ಇಟ್ಟಿದ್ದಳು. ನಾನು ಮುಟ್ಟಲಿಲ್ಲ. ಯಾಕಮ್ಮಿ, ಏನಾಯ್ತು ಎಂದು ಅವಳು ಕೇಳಿದಷ್ಟೂ ನನ್ನ ಬಾಯಿ ಗಟ್ಟಿಯಾಯಿತು. ಅವಳೇ ಗಿಟ್ಟಿಸಿಕೊಟ್ಟ ನಿಲ್ದಾಣವನ್ನು ಅವಳ ಮುಂದೆ ಹೇಗೆ ಬೈಯುವುದು? ಮುದ್ದೆ ಹಸುವಿನ ಪಾಲಾಯಿತು. ಆದರೆ ನಾನು ಒಂದು ನಿರ್ಧಾರಕ್ಕೆ ಬಂದಿದ್ದೆ.

ಮುಂದಿನ ತಿಂಗಳು ಹೂಡಿ ಬಂದಾಗ ಎದ್ದು ನಿಂತೆ.

"ಇಲ್ಯಾಕೆ ಏಳ್ತಿದೀಯಾ? ಕೂತ್ಕೋ," ಎಂದಳು ಅಮ್ಮ.

"ಹೂಡೀಲೇ ಇಳೀತೀನಿ. ನಡ್ಕೊಂಡ್ ಬರ್ತೀನಿ."

"ಹುಚ್ಚು ಹಿಡಿದಿದ್ಯಾ ನಿಂಗೆ? ಒಂದೂವರೆ ಮೈಲಿ ಕಣೇ!"

"ಆ ಸ್ಟಾಪಲ್ಲಿ ನಾನ್ ಇಳಿಯಲ್ಲ. ನೀನ್ ಬೇಕಾದ್ರೆ ಇಳ್ಕೋ."

ಬಸ್ಸಿನೊಳಗೆ ಎಲ್ಲರೆದುರು ಕೂಗಾಡುವುದು ಅಮ್ಮನಿಗೆ ಸಾವಿನ ಸಮಾನ. ನನಗೆ ಅದು ಗೊತ್ತಿತ್ತು, ಅದಕ್ಕೇ ಅಲ್ಲೇ ಜಗಳ ತೆಗೆದಿದ್ದೆ. ಇಬ್ಬರೂ ಇಳಿದೆವು. ಕ್ವಾರ್ಟರ್ಸಿನ ಅಂಗಳದಿಂದ ಶಾಲೆಯವರೆಗೆ ಮಾತ್ರ ನಡೆದು ಗೊತ್ತಿದ್ದ ನನಗೆ ಮೈಲಿ ಎಂದರೇನು ಎಂಬುದು ಆ ದಿನ ತಿಳಿಯಿತು. ಮೊದಲ ನೀಲಗಿರಿ ತೋಪು ದಾಟುವ ಹೊತ್ತಿಗೆ ತೊಡೆಯ ಬೆಲ್ಟು ಚರ್ಮ ಕೀಳತೊಡಗಿತು. ಅಮ್ಮ ಹಿಂದಿನಿಂದ ಬೈಯುತ್ತಲೂ ಅಳುತ್ತಲೂ ಬರುತ್ತಿದ್ದಳು. ಅರ್ಧ ದಾರಿ ಮುಗಿದಿರಲಿಲ್ಲ, ಎದುರಿನಿಂದ ಹಾರನ್ ಕೇಳಿಸಿತು. ನಾವು ಇಳಿದಿದ್ದ ಅದೇ ಬಸ್ಸು ಕಾಡುಗೋಡಿ ಮುಟ್ಟಿ, ಟೀ ಕುಡಿದು, ವಾಪಸ್ಸು ಬಂದಿತ್ತು. ಬಸವರಾಜು ಬಾಗಿಲಲ್ಲಿ ನೇತಾಡುತ್ತಾ ನಮ್ಮನ್ನೇ ನೋಡಿದ. ಬಸ್ಸು ಧೂಳೆಬ್ಬಿಸಿ ಹೋದ ಸ್ವಲ್ಪ ಹೊತ್ತಿಗೆ ಅದು ಬಂದ ದಿಕ್ಕಿನಿಂದಲೇ ಅಜ್ಜಿ ಕಾಣಿಸಿದಳು, ಸೆರಗು ಸಿಕ್ಕಿಸಿಕೊಂಡು ಓಡೋಡಿ ಬರುತ್ತಿದ್ದಳು. ಹುಡುಗಿ ಹೂಡಿಯಲ್ಲೇ ಇಳಿದಳು ಎಂದು ಬಸವರಾಜು ವಾಪಸ್ಸು ಬರುವಾಗ ಮರದ ಹತ್ತಿರ ಹೇಳಿ ಬಂದಿದ್ದ.

"ಏನ್ ಬಂದೈತೆ ನಿಂಗೆ? ಬಸ್ಸಿನ್ ಮುಂದೆ ನಿಂತು ಗಿಟ್ಟಿಸ್ಕೊಟ್ಟೆ ಕಣಮ್ಮಿ ನಾನು! ನನ್ನ್ ಸ್ಟಾಪು ನಿಂಗೆ ಬ್ಯಾಡ್ವಾ?"

"ಅದು ನಿನ್ನ್ ಸ್ಟಾಪ್ ಅಲ್ಲ, ಕುಂಟಿ ಸ್ಟಾಪು. ಬಸ್ಸಲ್ಲಿ ಎಲ್ರೂ ಹಂಗೇ ಅಂತಾರೆ. ಅಮ್ಮನ್ನ ಕೇಳು."

ಅಜ್ಜಿ ಅಮ್ಮನ ಕಡೆ ತಿರುಗಿದಳು. ಅಮ್ಮ ನೆಲ ನೋಡಿದಳು. ಆ ಬಸ್ಸನ್ನು ನಿಲ್ಲಿಸಿದವಳೇ ಆದರೂ ಅಜ್ಜಿ ಒಮ್ಮೆಯೂ ಅದನ್ನು ಹತ್ತಿದವಳಲ್ಲ. ಒಳಗೆ ಏನು ಕೂಗುತ್ತಾರೆಂದು ಅವಳಿಗೆ ತಿಳಿದಿರಲಿಲ್ಲ. ಅವಳ ಮುಖ ಸಣ್ಣದಾದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ನನಗೆ ಅಳು ಬಂತು, ಅಳಲಿಲ್ಲ. ಅವಳು ನನ್ನ ಲಂಗ ಎತ್ತಿ ತೊಡೆಯ ಗಾಯ ನೋಡಿದಳು. ಅಮ್ಮ ನನ್ನನ್ನು ಎತ್ತಿಕೊಳ್ಳಲು ಬಗ್ಗಿದಳು. ಅಜ್ಜಿ ಅವಳ ಕೈ ಹಿಡಿದು ತಡೆದಳು.

"ಬುಡು ಅವ್ಳನ್ನ. ನಡೀತೀನಿ ಅಂದವ್ಳೆ, ನಡೀಲಿ. ನಡಿಯಮ್ಮಿ."

ಮಿಕ್ಕ ದಾರಿಯನ್ನು ನಾನು ಹೇಗೆ ಮುಗಿಸಿದೆನೋ ನೆನಪಿಲ್ಲ. ಅಜ್ಜಿ ನನ್ನ ಹಿಂದೆಯೇ ಬಂದಳು. ನಾನು ನಿಂತಾಗ ನಿಂತಳು, ಒಂದು ಸಲವೂ ಕೈ ಕೊಡಲಿಲ್ಲ. ಜಗುಲಿಯ ಮೇಲೆ ತಾತ ಹಗ್ಗ ಹೊಸೆಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ಬೂಟು ಬಿಚ್ಚುವಾಗ ಅವನು ಆ ದಿನದ ಒಂದೇ ಮಾತು ಆಡಿದ.

"ಬಸ್ಸು ಓಗಿ ಬಂದ್ ಬುಡ್ತು, ನೀನ್ ಬರ್ಲಿಲ್ಲ."

ಬೈಗುಳವಲ್ಲ, ಸಮಾಧಾನವೂ ಅಲ್ಲ. ಹೊತ್ತು ಎಷ್ಟಾಯಿತು ಎಂದು ಅವನಿಗೆ ತಿಳಿದ ರೀತಿಯಲ್ಲಿ ಹೇಳಿದ್ದ. ನನಗೆ ಅದು ಚುಚ್ಚಿಕೊಂಡಿತು. ಬಸ್ಸು ವಾಪಸ್ಸು ಬರುವ ಮೊದಲು ನಾನು ಹುಣಸೇಮರ ಮುಟ್ಟಬೇಕು ಎಂದು ಅಲ್ಲೇ ಕೂತು ತೀರ್ಮಾನಿಸಿದೆ. ಮನೆಗೆ ಮರಳಿ ಅಪ್ಪನಿಗೆ ಹೇಳಿದೆ. ಅಮ್ಮ ನನ್ನ ಮೇಲೆ ದೂರು ಹೇಳುತ್ತಿದ್ದರೆ ಅಪ್ಪ ನನ್ನ ತೊಡೆಯ ಗಾಯವನ್ನು ಅಳತೆಪಟ್ಟಿಯಿಂದ ಅಳೆಯುತ್ತಿದ್ದರು. ಮೇಲಿನ ಬೆಲ್ಟಿನ ಜಾಗ ಅರ್ಧ ಅಂಗುಲ ಇಳಿಸಿದರು. ಒಳಗೆ ಹಳೆಯ ಕಂಬಳಿಯ ತುಂಡು ಹೊಲಿದರು. ಬೂಟಿನ ಹಿಮ್ಮಡಿಯನ್ನು ತೇಯ್ದು ತೂಕ ಇಳಿಸಿದರು.

"ಈಗ ನಡೆದು ನೋಡು. ಎಲ್ಲಿ ಒತ್ತುತ್ತೆ ಅಂತ ಹೇಳು, ಸರಿ ಮಾಡೋಣ," ಎಂದರು ಅಷ್ಟೇ.

ಪ್ರತಿ ಸಂಜೆ ಕ್ವಾರ್ಟರ್ಸಿನ ಸುತ್ತ ನಡೆದೆ. ಮೊದಮೊದಲು ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡುತ್ತಿದ್ದರು, ಆಮೇಲೆ ಅವರಿಗೇ ಬೇಸರವಾಯಿತು. ತಿಂಗಳಿಗೊಮ್ಮೆ ಹೂಡಿಯಲ್ಲಿ ಇಳಿದೆ. ಅಮ್ಮ ನನ್ನ ಜೊತೆ ಇಳಿಯುತ್ತಿದ್ದಳು, ಅಜ್ಜಿ ಎದುರು ಬಂದು ಜೊತೆಯಾಗುತ್ತಿದ್ದಳು. ಎರಡನೇ ಸಲ ಬಸ್ಸು ನಮ್ಮನ್ನು ಹಾಳು ಬಾವಿಯ ಹತ್ತಿರ ಎದುರುಗೊಂಡಿತು. ಅದರ ಮುಂದಿನ ಸಲ ಇಟ್ಟಿಗೆ ಗೂಡಿನ ಹತ್ತಿರ. ಗೂಡಿನಿಂದ ಮರ ಕಾಣಿಸುತ್ತಿತ್ತು, ಆದರೆ ಎಷ್ಟು ತಿಣುಕಿದರೂ ಮೂರು ತಿಂಗಳು ಗೂಡು ದಾಟಲಾಗಲಿಲ್ಲ. ಒಂದು ಸಲ ಸಿಟ್ಟಿನಿಂದ ಬಸ್ಸಿಗೆ ಕಲ್ಲು ಎಸೆದದ್ದೂ ಉಂಟು. ಅದು ಬಸ್ಸಿಗೆ ತಾಕಲಿಲ್ಲ.

ಈ ನಡುವೆ ಅಜ್ಜಿ ಸುಮ್ಮನಿರಲಿಲ್ಲ. ಒಂದು ದಿನ ಮರದ ಕೆಳಗೆ ಬಸ್ಸು ನಿಂತಾಗ ಮೆಟ್ಟಿಲಿಗೆ ಒಂದು ಕಾಲು ಕೊಟ್ಟು, ಒಳಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ಬಸವರಾಜುವನ್ನು ಹಿಡಿದಳು. ಅವನು ಸೀಟಿ ಊದುವ ಹಾಗಿರಲಿಲ್ಲ. ಇದನ್ನು ಆಂಜಿನಪ್ಪ ಮಾವ ನನಗೆ ಅಭಿನಯಿಸಿ ತೋರಿಸಿದ.

"ಈ ಜಾಗಕ್ಕೆ ಪೂಜೆ ಮಾಡ್ದೋಳು ನಾನು. ಎಸ್ರು ಇಕ್ಕಾಕೆ ನೀನ್ಯಾವನಪ್ಪ?"

"ಬೇಕೂಂತ ಇಟ್ಟಿದ್ದಲ್ಲಮ್ಮ. ಗುರುತಿಗೆ ಅಂತ ಅಂದೆ, ಎಲ್ರೂ ಹಂಗೇ ಅನ್ನೋಕ್ ಶುರು ಮಾಡ್ಬಿಟ್ರು."

"ನಿಂಗೂ ಎಣ್ಣು ಮಗು ಐತಾ?"

"ಐತಮ್ಮ. ಎರಡು."

"ಅವ್ರಿಗೆ ಯಾವ್ ಗುರುತಿನ್ ಎಸ್ರು ಇಕ್ಕಿದ್ದೀಯಾ?"

ಬಸವರಾಜು ತಲೆ ತಗ್ಗಿಸಿದನಂತೆ. ಮಾವ ಅದನ್ನೂ ತಲೆ ತಗ್ಗಿಸಿಯೇ ತೋರಿಸಿದ.

ಅದಾದ ಮೇಲೆ ನಾವು ಹೊರಟ ಮೊದಲ ಶನಿವಾರ ಬಸ್ಸು ಹೂಡಿ ಮುಟ್ಟುವ ಮೊದಲೇ ಬಸವರಾಜು ಮುಂದಕ್ಕೆ ಬಂದು, ನನ್ನ ಪಕ್ಕದಲ್ಲೇ ನಿಂತು, ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದ. "ಹೂಡಿ ಬಿಟ್ರೆ ಮುಂದಕ್ಕೆ ಮುನಿವೆಂಕಟಮ್ಮನ ಮರ! ಮುನಿವೆಂಕಟಮ್ಮನ ಮರ ಯಾರ್ರೀ, ನೋಡ್ಕೊಳ್ರಿ!" ಕೂಗಿ ನನ್ನ ಕಡೆ ನೋಡಿ ನಕ್ಕ. ಅಮ್ಮನ ಕಣ್ಣು ತುಂಬಿತ್ತು.

"ಸರಿಹೋಯ್ತಲ್ಲ? ಈಗಲಾದ್ರೂ ಕೂತ್ಕೋಮ್ಮ, ರತ್ನ."

ನನಗೆ ಕೂರಬೇಕೆನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊರಗೆ ಬಿಸಿಲು ಸುಡುತ್ತಿತ್ತು, ಕಿಟಕಿಯ ಗಾಳಿ ಹಿತವಾಗಿತ್ತು. ಜಗಳ ಮುಗಿದಿತ್ತು, ಗೆದ್ದೂ ಆಗಿತ್ತು. ಆದರೆ ಆ ಗೆಲುವು ಅಜ್ಜಿಯದು. ನನ್ನದು ಇಟ್ಟಿಗೆ ಗೂಡಿನ ಹತ್ತಿರವೇ ಬಾಕಿ ನಿಂತಿತ್ತು. ಹೂಡಿ ಬಂತು. ಬೀಗ ಹಾಕಿದೆ, ಎದ್ದೆ.

"ಅಯ್ಯೋ, ಹೆಸ್ರು ಬದಲಾಯ್ಸಿದೀನಲ್ಲಮ್ಮ!" ಎಂದ ಬಸವರಾಜು.

"ಗೊತ್ತಣ್ಣ. ಒಳ್ಳೇ ಹೆಸ್ರು," ಎಂದೆ. "ಅಮ್ಮಾ, ಚೀಲ ತಗೊಂಡ್ ನೀನ್ ಬಸ್ಸಲ್ಲೇ ಹೋಗು. ಅಜ್ಜಿಗೆ ಎದುರು ಬರ್ಬೇಡ ಅಂತ ಹೇಳು."

ಅಮ್ಮ ನನ್ನ ಮುಖ ನೋಡಿ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ನನಗಾಗ ಹನ್ನೊಂದು ವರ್ಷ. ಒಬ್ಬಳೇ ರಸ್ತೆಯಲ್ಲಿ ನಡೆದದ್ದು ಅದೇ ಮೊದಲು. ನೀಲಗಿರಿ ತೋಪಿನಲ್ಲಿ ನನ್ನ ಕಬ್ಬಿಣದ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ, ಮತ್ತು ಮೊದಲ ಬಾರಿಗೆ ಆ ಸದ್ದು ನನಗೆ ಇಷ್ಟವಾಯಿತು. ಹಾಳು ಬಾವಿ ಬಂತು, ನಿಲ್ಲಲಿಲ್ಲ. ಇಟ್ಟಿಗೆ ಗೂಡು ಬಂತು. ಕಿವಿ ಎಲ್ಲ ಕಾಡುಗೋಡಿಯ ಕಡೆಗಿತ್ತು. ಹಾರನ್ ಇಲ್ಲ. ಗೂಡು ದಾಟಿದೆ. ಬೆವರು ಕಣ್ಣಿಗಿಳಿದು ಮರ ಎರಡೆರಡಾಗಿ ಕಾಣುತ್ತಿತ್ತು. ಅದರ ಬೇರಿನ ಮೇಲೆ ಅಜ್ಜಿ ಕೂತಿದ್ದಳು. ನನ್ನನ್ನು ಕಂಡರೂ ಏಳಲಿಲ್ಲ, ಕೈ ಬೀಸಲಿಲ್ಲ, ಎರಡೂ ಕೈಗಳನ್ನು ತೊಡೆಯ ನಡುವೆ ಒತ್ತಿ ಹಿಡಿದುಕೊಂಡಿದ್ದಳು. ನಾನು ಹೋಗಿ ಮರಕ್ಕೆ ಅಂಗೈ ಒತ್ತಿದೆ.

"ಬಸ್ಸು?" ಎಂದೆ.

"ಇನ್ನಾ ಬಂದಿಲ್ಲ," ಎಂದಳು.

ಪಕ್ಕದಲ್ಲಿ ಕೂತು ಬೀಗ ಬಿಚ್ಚಿದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಅಷ್ಟು ದೂರದಲ್ಲಿ ಜಗುಲಿಯ ಮೇಲೆ ತಾತ ಹಗ್ಗ ಕೆಳಗಿಟ್ಟು ನಿಂತಿದ್ದ. ಆಮೇಲೆ ಹಾರನ್ ಕೇಳಿಸಿತು. ಬಸ್ಸು ಬಂದು ಮರದ ಕೆಳಗೆ ನಿಂತಿತು, ಬಸವರಾಜು ಬಾಗಿಲಿನಿಂದ ಬಗ್ಗಿ ನಮ್ಮಿಬ್ಬರನ್ನೂ ನೋಡಿದ.

"ಯಾರಮ್ಮ ಹತ್ತೋರು?"

ಅಜ್ಜಿ ಎದ್ದು ನಿಂತು ಸೆರಗು ಕೊಡವಿದಳು.

"ಯಾರೂ ಅತ್ತಾಕಿಲ್ಲ. ನನ್ನ್ ಮೊಮ್ಮಗ್ಳು ಆಗ್ಲೇ ಬಂದು ನಿನ್ನ್ ದಾರಿ ಕಾಯ್ತಾ ಕುಂತವ್ಳೆ. ನೀನೇ ಲೇಟು. ಓಗಪ್ಪ, ಓಗು."